ಜುಲೈನಲ್ಲಿ ನೋಡಿ, ಆಮೇಲೆ ಹೇಳಿ

ನಮ್ಮ ಬಿಜಾಪುರ ಕಡೆಯವರು ಫೋನ್ ಮಾಡಿದಾಗ ರಾಜಕೀಯ ಮುಗಿದ ಮೇಲೆ ಕೇಳೋ ಪ್ರಶ್ನೆ ಒಂದಿದೆ. "ತಮ್ಮಾ, ಗುಡ್ಡದ ಬುಡಕ ಒಂದ್ ಚಲೋ ಊರ್ ಹೇಳಪಾ. ರಿಟೈರ್ ಆದಮ್ಯಾಲ ಅಲ್ಲೇ ಹೋಗಿ ಇರೂಣಂತ ಮಾಡೀವಿ." ಕೇಳೋರು ಹೆಚ್ಚಾಗಿ ಮಾಸ್ತರರು, ಬ್ಯಾಂಕಿನಲ್ಲಿದ್ದವರು, ಕೆಇಬಿಯಲ್ಲಿ ಲೈನ್ ನೋಡಿಕೊಂಡವರು. ಕನಮಡಿ, ತಿಕೋಟಾ, ಬಬಲೇಶ್ವರದಂಥ ಊರಲ್ಲಿ ಹುಟ್ಟಿ, ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿ, ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ನೀರು ಚಿಮುಕಿಸಿ ಮಲಗಿದವರು. ಇವರಿಗೆ ಹಸಿರು ಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ? ನಾನೂ ಕನಮಡಿಯವನೇ. ಆಚೆ ಹೋದರೆ ಮಹಾರಾಷ್ಟ್ರದ ಜತ್ತ, ಈಚೆ ತಿಕೋಟಾ, ಎರಡೂ ಕಡೆ ಬಿಸಿಲು. ಆ ಆಸೆ ನನಗೆ ಅರ್ಥವಾಗುತ್ತೆ.

ಆದ್ರೆ ಈ ಪ್ರಶ್ನೆ ಹಿಂದೆ ಒಂದು ದೊಡ್ಡ ನಿರ್ಧಾರ ಕೂತಿರುತ್ತೆ. ಪಿಂಚಣಿ ಹಣ, ಗ್ರ್ಯಾಚುಟಿ, ಊರಲ್ಲಿರೋ ನಾಲ್ಕೆಕರೆ ಹೊಲ ಮಾರಿದ ದುಡ್ಡು, ಎಲ್ಲಾ ಸೇರಿಸಿ ಗೊತ್ತಿಲ್ಲದ ಊರಲ್ಲಿ ಒಂದು ಮನೆ. ಅರವತ್ತರ ನಂತರ ಹೀಗೆ ಒಂದು ಸಲ ಕೈಬಿಟ್ಟ ದುಡ್ಡನ್ನ ಮತ್ತೆ ದುಡಿಯೋಕೆ ಆಗಲ್ಲ. ಹಾಗಾಗಿ ಇವತ್ತು ಊರಿನ ಹೆಸರು ಆಮೇಲೆ ಹೇಳ್ತೀನಿ. ಮೊದಲು ಊರನ್ನ ಆರಿಸೋದು ಹೇಗೆ ಅಂತ ಮಾತಾಡೋಣ.

ನಮ್ಮವರು ಮಲೆನಾಡು ನೋಡಿರೋದು ಯಾವಾಗ? ದಸರಾ ರಜೆಯಲ್ಲಿ, ದೀಪಾವಳಿ ಆದಮೇಲೆ, ಡಿಸೆಂಬರ್‌ನಲ್ಲಿ. ಶಾಲೆ ಟ್ರಿಪ್ಪಿನಲ್ಲಿ ಜೋಗ, ಬನವಾಸಿ, ಶಿರಸಿ ಮಾರಿಕಾಂಬೆ. ಮಳೆ ನಿಂತಿರುತ್ತೆ, ಹೊಳೆ ತುಂಬಿರುತ್ತೆ, ಗದ್ದೆ ಹಸಿರಾಗಿರುತ್ತೆ. ಅದು ಆ ಸೀಮೆಯ ಮದುವೆ ಮನೆ ದಿನ. ಮದುವೆ ದಿನ ನೋಡಿ ಮನೆತನ ಹೇಗಿದೆ ಅಂತ ಹೇಳೋಕಾಗುತ್ತಾ? ಊರನ್ನ ಅದರ ಅತ್ಯಂತ ಕಷ್ಟದ ತಿಂಗಳಲ್ಲಿ ನೋಡಬೇಕು, ನಿಮ್ಮ ಅತ್ಯಂತ ಕಷ್ಟದ ರಾತ್ರಿಯನ್ನ ನೆನೆಸಿಕೊಂಡು ಆರಿಸಬೇಕು. ನನ್ನ ಲೆಕ್ಕದಲ್ಲಿ ಇದೊಂದೇ ಸೂತ್ರ. ಉಳಿದಿದ್ದೆಲ್ಲ ಇದರ ವಿವರಣೆ.

ಮೊದಲು ಮಳೆ. "ಗುಡ್ಡದ ಬುಡ" ಅಂದ್ರೆ ಒಂದೇ ಥರದ ಜಾಗ ಅಂದುಕೊಂಡುಬಿಡ್ತೀವಿ. ಹಾಗಲ್ಲ. ಅರಬ್ಬಿ ಸಮುದ್ರದಿಂದ ಬರೋ ತೇವದ ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರುತ್ತೆ. ಮೇಲೇರಿದಂತೆ ತಣ್ಣಗಾಗಿ ನೀರನ್ನ ಅಲ್ಲೇ ಸುರಿಯುತ್ತೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯೋವಾಗ ಅದು ಖಾಲಿ ಚೀಲ. ಆ ಖಾಲಿ ಚೀಲದ ಕೆಳಗೆ ಕೂತವರು ನಾವು. ಇದನ್ನೇ ಮಳೆನೆರಳು ಅಂತಾರೆ. ನಮ್ಮ ಹಿರಿಯರಿಗೆ ಈ ವಿಜ್ಞಾನ ಪುಸ್ತಕದಲ್ಲಿ ಸಿಗದಿದ್ರೂ ಮೂರು ಶಬ್ದ ಇಟ್ಟುಹೋಗಿದ್ದಾರೆ: ಮಲೆನಾಡು, ಅರೆಮಲೆನಾಡು, ಬಯಲುಸೀಮೆ. ಊರು ಆರಿಸೋರಿಗೆ ಇದಕ್ಕಿಂತ ಒಳ್ಳೆ ನಕ್ಷೆ ಬೇಕಿಲ್ಲ.

ಅಂಕಿಗಳಲ್ಲಿ ಹೇಳ್ತೀನಿ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಧಾರವಾಡದಲ್ಲಿ 800 ಆಸುಪಾಸು. ಬೆಳಗಾವಿಯಲ್ಲಿ 1,300 ಆಸುಪಾಸು. ಶಿರಸಿಗೆ ಹೋದ್ರೆ 2,000 ದಾಟಿ ಮುಂದೆ ಹೋಗುತ್ತೆ. ಆಗುಂಬೆಯಲ್ಲಿ 7,000ಕ್ಕೂ ಮೇಲೆ. ಧಾರವಾಡದಿಂದ ಶಿರಸಿಗೆ ಸುಮಾರು ಮೂರು ತಾಸಿನ ದಾರಿ, ಅಷ್ಟರಲ್ಲಿ ಮಳೆ ಎರಡೂವರೆ ಪಟ್ಟು ಆಗಿಬಿಡುತ್ತೆ. ಒಂದೇ ತಾಲೂಕಿನೊಳಗೂ ಹೀಗೇ. ಖಾನಾಪುರ ಪೇಟೆಯಲ್ಲಿ ಬೀಳೋ ಮಳೆ ಬೇರೆ, ಅದೇ ತಾಲೂಕಿನ ಪಶ್ಚಿಮ ಅಂಚಿನ ಕಣಕುಂಬಿ, ಆಮಗಾಂವದಲ್ಲಿ ಬೀಳೋ ಮಳೆನೇ ಬೇರೆ. ಹಾಗಾಗಿ "ಖಾನಾಪುರದಾಗ ಜಾಗ ಐತಿ" ಅಂತ ಯಾರಾದ್ರೂ ಹೇಳಿದ್ರೆ, ಖಾನಾಪುರದಿಂದ ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್ ಅಂತ ಕೇಳಿ.

ಮಿಲಿಮೀಟರ್ ಅಂದ್ರೆ ತಲೆಗೆ ಹೋಗಲ್ಲ, ಟ್ಯಾಂಕರ್ ಲೆಕ್ಕ ಹೇಳಿದ್ರೆ ನಮ್ಮ ಕಡೆ ಎಲ್ಲರಿಗೂ ಹೋಗುತ್ತೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್ ನೀರು. 30-40 ಸೈಟಿನ ತುಂಬಾ ಮನೆ ಕಟ್ಟಿದ್ದೀರಿ ಅಂದುಕೊಳ್ಳಿ, ಅದು 111 ಚದರ ಮೀಟರ್. 600 ಮಿಲಿಮೀಟರ್ ಮಳೆಯ ಊರಲ್ಲಿ ನಿಮ್ಮ ಮಾಳಿಗೆ ಮೇಲೆ ವರ್ಷಕ್ಕೆ ಬೀಳೋದು ಸುಮಾರು 67 ಸಾವಿರ ಲೀಟರ್, ಅಂದ್ರೆ ಐದು ಸಾವಿರ ಲೀಟರಿನ 13 ಟ್ಯಾಂಕರ್. 2,400 ಮಿಲಿಮೀಟರ್ ಬೀಳೋ ಊರಲ್ಲಿ ಅದೇ ಮನೆ ಮೇಲೆ 53 ಟ್ಯಾಂಕರ್. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದರಲ್ಲೂ ಜುಲೈನಲ್ಲಿ. ನಮ್ಮಲ್ಲಿ ಜುಲೈನಲ್ಲಿ ಮೋಡ ನೋಡ್ತಾ ಕೂತಿರ್ತೀವಿ, ಒಳ್ಳೆ ಮಳೆ ಬರೋದು ಸೆಪ್ಟೆಂಬರ್‌ಗೆ.

ಹಾಗಿದ್ರೆ ಮನೆ ಕಟ್ಟೋ ರೀತಿಯೇ ಬದಲಾಗಬೇಕು. ಬಿಜಾಪುರದ ಚಪ್ಪಟೆ ಮಾಳಿಗೆ ಅಲ್ಲಿ ಎರಡು ಮಳೆಗಾಲ ತಡೆಯಲ್ಲ, ಗೋಡೆ ಒಳಗಿಂದ ಬೆವರೋಕೆ ಶುರುವಾಗುತ್ತೆ. ಅಲ್ಲಿಯವರು ಇಳಿಜಾರು ಮಾಡು ಹಾಕಿ ಹೆಂಚು ಹೊದಿಸಿದ್ದು, ಸೂರನ್ನ ಗೋಡೆಯಿಂದ ಮೂರಡಿ ಆಚೆ ಬಿಟ್ಟಿದ್ದು ಚಂದಕ್ಕಲ್ಲ. ಬಟ್ಟೆ ವಾರಗಟ್ಟಲೆ ಒಣಗಲ್ಲ. ಚಪ್ಪಲಿ ಮೇಲೆ, ಪುಸ್ತಕದ ಮೇಲೆ ಬೂಷ್ಟು. ದಮ್ಮು ಇದ್ದವರಿಗೆ ಆ ಬೂಷ್ಟು, ಥಂಡಿ ಎರಡೂ ಶತ್ರು. ಇನ್ನು ನಮ್ಮ ಜೋಳ. ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಜೋಳ ಇಟ್ಟ ಜನ ನಾವು. ಅದು ಸಾಧ್ಯವಾಗಿದ್ದು ನಮ್ಮ ನೆಲ ಒಣ ಇದ್ದಿದ್ದಕ್ಕೆ. ಅಲ್ಲಿ ಡಬ್ಬಿಯಲ್ಲಿಟ್ಟ ಹಿಟ್ಟು ಕೂಡ ಆಗಾಗ ಬಿಸಿಲು ಕೇಳುತ್ತೆ, ಬಿಸಿಲೇ ಇರಲ್ಲ.

ಇನ್ನೊಂದು ವಿಷಯ ಕೇಳಿದ್ರೆ ನಮ್ಮವರಿಗೆ ನಂಬಿಕೆನೇ ಬರಲ್ಲ. ಇಷ್ಟೆಲ್ಲಾ ಮಳೆ ಬೀಳೋ ಊರಲ್ಲೂ ಏಪ್ರಿಲ್-ಮೇನಲ್ಲಿ ಬಾವಿ ತಳ ಕಾಣುತ್ತೆ. ಇಳಿಜಾರು ನೆಲ, ಜಂಬಿಟ್ಟಿಗೆ ಮಣ್ಣು, ಬಿದ್ದ ನೀರು ಹೊಳೆ ಸೇರಿ ಸಮುದ್ರ ಸೇರಿರುತ್ತೆ. ಜಾಗ ನೋಡೋಕೆ ಹೋದಾಗ ಬಾವಿ ತೋರಿಸಿದ್ರೆ, "ಮೇ ತಿಂಗಳಲ್ಲಿ ಎಷ್ಟಡಿ ನೀರು ಇರುತ್ತೆ?" ಅಂತ ಪಕ್ಕದ ಮನೆಯವರನ್ನ ಕೇಳಿ. ಮಾರೋರನ್ನ ಕೇಳಬೇಡಿ.

ಎರಡನೇದು, ಆಸ್ಪತ್ರೆ. ನಿಮ್ಮ ಅತ್ಯಂತ ಕಷ್ಟದ ರಾತ್ರಿ ಅಂದೆನಲ್ಲ, ಅದು ಇದು. ಜುಲೈ ತಿಂಗಳು, ರಾತ್ರಿ ಎರಡು ಗಂಟೆ, ಕರೆಂಟ್ ಇಲ್ಲ, ಮನೆಯವರಿಗೆ ಎದೆನೋವು. ಅಲ್ಲಿಂದ ಹೃದಯದ ಡಾಕ್ಟರ್ ಇರೋ ಜಾಗಕ್ಕೆ ಎಷ್ಟು ಹೊತ್ತು?

ವಿಜಯಪುರ ನಗರದ ಹತ್ತಿರ ಇದ್ದವರಿಗೆ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅದರ ಬೆಲೆ ಊರು ಬಿಟ್ಟಮೇಲೆ ಗೊತ್ತಾಗುತ್ತೆ. ಬೆಳಗಾವಿಯಲ್ಲಿ ಕೆಎಲ್‌ಇ ಆಸ್ಪತ್ರೆ ಇದೆ, ಸರ್ಕಾರಿ ಬಿಮ್ಸ್ ಇದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ, ಹುಬ್ಬಳ್ಳಿಯಲ್ಲಿ ಜನ ಇವತ್ತಿಗೂ ಕಿಮ್ಸ್ ಅಂತ ಕರೆಯೋ ದೊಡ್ಡ ಸರ್ಕಾರಿ ಆಸ್ಪತ್ರೆ. ಹಳಿಯಾಳದಿಂದ ಧಾರವಾಡ ಒಂದು ತಾಸಿನೊಳಗೆ. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಇದು ಪೇಟೆಯಿಂದ ಲೆಕ್ಕ. ನೀವು ತಗೊಳೋ ತೋಟ ಪೇಟೆಯಿಂದ ಇನ್ನೂ ಹದಿನೈದು ಕಿಲೋಮೀಟರ್ ಒಳಗಿದ್ರೆ, ಮಣ್ಣಿನ ರಸ್ತೆ ಇದ್ರೆ, ನಡುವೆ ಒಂದು ಹಳ್ಳ ಇದ್ರೆ, ಅದನ್ನೂ ಕೂಡಿಸಿ.

ಇದು ನಾನು ಹೆದರಿಸೋಕೆ ಹೇಳ್ತಿರೋದಲ್ಲ. 2022ರಲ್ಲಿ ಉತ್ತರ ಕನ್ನಡದ ಜನರೇ ತಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನ ಮಾಡಿದ್ರು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದ್ದರೂ ಗಂಭೀರ ಕೇಸುಗಳು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಕಡೆ ಓಡ್ತಿದ್ದವು. ಅಲ್ಲೇ ಹುಟ್ಟಿ ಬೆಳೆದವರು ಕೂಗಿ ಹೇಳಿದ ಮಾತನ್ನ ಹೊರಗಿನಿಂದ ಹೋಗೋ ನಾವು ಕೇಳಿಸಿಕೊಳ್ಳಬೇಕಲ್ವಾ?

ಆಸ್ಪತ್ರೆ ಜೊತೆಗೇ ಒಂದು ಕಾಯಿಲೆ ಮಾತೂ ಹೇಳಬೇಕು. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಗಿದ್ದು, ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೂ ಹೆಸರು. ಕಾಡಿನ ಉಣುಗು ಕಚ್ಚಿದ್ರೆ ಬರೋ ಜ್ವರ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದ್ರೆ ನಮ್ಮವರಿಗೆ ಕಾಡು ಚಂದ ಕಾಣೋ ತಿಂಗಳುಗಳಲ್ಲೇ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ಭಾಗದಲ್ಲಿ ಕಾಣಿಸಿಕೊಳ್ತಾ ಇರುತ್ತೆ. ಅಲ್ಲಿಯ ರೈತರಿಗೆ ಒಣಎಲೆ ತರೋಕೆ ಹೋಗೋ ಮೊದಲು ಮೈಗೆ ಎಣ್ಣೆ ಹಚ್ಚಿಕೊಳ್ಳೋದು ಗೊತ್ತು, ಕಾಡಲ್ಲಿ ಮಂಗ ಸತ್ತು ಬಿದ್ರೆ ಆರೋಗ್ಯ ಇಲಾಖೆಗೆ ಹೇಳೋದು ಗೊತ್ತು. ನೀವು ಹೋದ್ರೆ ಮೊದಲ ವರ್ಷವೇ ಇದನ್ನ ಕಲಿಯಬೇಕು.

ಮೂರನೇದು, ದಾರಿ. ನಮ್ಮ ವಿಜಯಪುರದ ಮೇಲೆ ಹಾದುಹೋಗೋ ರಾಷ್ಟ್ರೀಯ ಹೆದ್ದಾರಿ 52 ಇದೆಯಲ್ಲ, ಕೊಲ್ಹಾರದ ಸೇತುವೆ ದಾಟಿ, ನರಗುಂದ, ನವಲಗುಂದ, ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಯಲ್ಲಾಪುರ, ಕೊನೆಗೆ ಅಂಕೋಲಾ. ಅಂದ್ರೆ ವಿಜಯಪುರದಲ್ಲಿ ಹತ್ತಿ ಒಂದೇ ರಸ್ತೆಯಲ್ಲಿ ಮೂರೂ ಸೀಮೆ ನೋಡಬಹುದು. ನಕ್ಷೆಯಲ್ಲಿ ಸುಲಭ. ಆದ್ರೆ 2021ರ ಜುಲೈನಲ್ಲಿ ಏನಾಯ್ತು? ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋಯ್ತು. ಅದೇ ಮಳೆಗೆ ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಬಂದ್ ಆಯ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಬಂತು, ಜೀವಗಳು ಹೋದವು, ನಾವು ದಿನಗಟ್ಟಲೆ ಅದನ್ನೇ ತೋರಿಸಿದ್ವಿ. ಎಲ್ಲಾ ಗುಡ್ಡ ಕುಸಿಯಲ್ಲ. ಆದ್ರೆ ಮನೆ ಹಿಂದೆ ಗುಡ್ಡವನ್ನ ನೆಟ್ಟಗೆ ಕಡಿದು ಸೈಟ್ ಸಮತಟ್ಟು ಮಾಡಿದ್ದಾರಾ ಅಂತ ನೋಡಿ. ನೆಟ್ಟಗೆ ಕಡಿದ ಮಣ್ಣಿನ ಗೋಡೆ, ಮೇಲೆ ನೀರು ಹೋಗೋಕೆ ಚರಂಡಿ ಇಲ್ಲ ಅಂದ್ರೆ, ಬೆಲೆ ಎಷ್ಟು ಕಮ್ಮಿ ಇದ್ರೂ ಬೇಡ. ಇದನ್ನ ಹೇಳೋಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ, ನಾನು ಓದಿದ್ರೂ.

ರೈಲು ಬೇಕು ಅನ್ನೋರಿಗೆ ಬೆಳಗಾವಿ, ಖಾನಾಪುರ, ಅಳ್ನಾವರ, ಧಾರವಾಡ, ಹುಬ್ಬಳ್ಳಿ ಇವೆ. ಶಿರಸಿ, ಯಲ್ಲಾಪುರಕ್ಕೆ ರೈಲಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಮಾತು ಎರಡು ದಶಕ ದಾಟಿದ್ರೂ ಕಾಡು, ಕೋರ್ಟು, ಅನುಮತಿ ಅಂತ ತಿರುಗ್ತಾನೇ ಇದೆ. "ರೈಲು ಬರುತ್ತೆ, ಆಮೇಲೆ ರೇಟ್ ಮೂರು ಪಟ್ಟು" ಅಂತ ಯಾರಾದ್ರೂ ಹೇಳಿದ್ರೆ, ಬಂದ ಮೇಲೆ ಮಾತಾಡೋಣ ಅನ್ನಿ.

ನಾಲ್ಕನೇದು, ಕಾಗದ. ಇಲ್ಲಿ ನಮ್ಮವರು ಹೆಚ್ಚು ಸಿಕ್ಕಿಬೀಳ್ತಾರೆ. ನಮ್ಮ ಕಡೆ ಉತಾರ ನೋಡಿದ್ರೆ ಹೊಲದ ಕಥೆ ಗೊತ್ತಾಗುತ್ತೆ. ಅಲ್ಲಿ ಒಂದೇ ಬೇಲಿಯೊಳಗೆ ಮೂರು ಥರದ ಭೂಮಿ ಇರಬಹುದು. ತೋಟ ಮಾಲ್ಕಿ ಇರುತ್ತೆ. ಅದಕ್ಕೆ ತಾಗಿದ ಬೆಟ್ಟ ಇರುತ್ತೆ, ಅಡಿಕೆ ತೋಟಕ್ಕೆ ಸೊಪ್ಪು, ದರಕು ತರೋಕೆ ಹಿಂದಿನಿಂದ ಕೊಟ್ಟ ಹಕ್ಕು ಅದು, ಮಾಲೀಕತ್ವ ಅಲ್ಲ. ಮೂರನೇದು ಅತಿಕ್ರಮಣ, ತಲೆಮಾರಿನಿಂದ ಉಳುಮೆ ಮಾಡಿದ್ರೂ ದಾಖಲೆಯಲ್ಲಿ ಅರಣ್ಯ. ತೋರಿಸೋವಾಗ ದಲ್ಲಾಳಿ ಮೂರನ್ನೂ ಕೈ ಬೀಸಿ "ಇಷ್ಟೂ ನಿಮ್ದೇ" ಅಂತಾನೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲ, ಋಣ, ಷರತ್ತು ಏನಿದೆ ನೋಡಿ. ಸರ್ವೇ ನಂಬರ್ ತಗೊಂಡು ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ. 2020ರ ತಿದ್ದುಪಡಿ ನಂತರ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ನಿಜ. ಆದ್ರೆ ಕೊಳ್ಳೋಕೆ ಆಗುತ್ತೆ ಅಂದ ಮಾತ್ರಕ್ಕೆ ಅದರಲ್ಲಿ ಮನೆ ಕಟ್ಟೋಕೆ ಆಗುತ್ತೆ ಅಂತಲ್ಲ. ಅದಕ್ಕೆ ಎನ್‌ಎ ಆಗಬೇಕು.

ಕಸ್ತೂರಿರಂಗನ್ ವರದಿ ಬಗ್ಗೆಯೂ ಕೇಳ್ತಾರೆ. 2013ರ ಆ ವರದಿ ಆಧಾರದ ಮೇಲೆ ಕೇಂದ್ರ ಸರ್ಕಾರ ಕರಡು ಅಧಿಸೂಚನೆಗಳನ್ನ ಹೊರಡಿಸ್ತಾ ಬಂದಿದೆ, ಆರನೇದು ಬಂದಿದ್ದು 2024ರ ಜುಲೈ ಕೊನೆಗೆ. ಆರು ರಾಜ್ಯಗಳ 56 ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು ಪ್ರದೇಶ, ಅದರಲ್ಲಿ ಕರ್ನಾಟಕದ್ದು 20,668. ಆ ಕರಡು ತಡೆಯೋದು ಗಣಿ, ಕ್ವಾರಿ, ಅತಿ ಮಾಲಿನ್ಯದ ಕೈಗಾರಿಕೆ, 20 ಸಾವಿರ ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಗಳು, ಟೌನ್‌ಶಿಪ್‌ಗಳನ್ನ. ನಿಮ್ಮ ಎರಡು ಕೋಣೆ ಮನೆಗೆ ಅದರಿಂದ ಆಪತ್ತಿಲ್ಲ. ಆದ್ರೆ "ಕಾಡಿನ ಮಧ್ಯೆ ಇನ್ನೂರು ವಿಲ್ಲಾ" ಅನ್ನೋ ಜಾಹೀರಾತು ನೋಡಿ ಅಡ್ವಾನ್ಸ್ ಕೊಡೋ ಮೊದಲು ಆ ಹಳ್ಳಿಯ ಹೆಸರು ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ಐದನೇದು, ಜನ. ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಕನಮಡಿಯಲ್ಲಿ ಬೆಳಗ್ಗೆ ಕಟ್ಟೆಗೆ ಬಂದು ಕೂತ್ರೆ ಹತ್ತು ಜನ "ಏನ್ರೀ ಕಾಕಾ, ಚಾ ಆತ?" ಅಂತಾರೆ. ಮಲೆನಾಡಿನಲ್ಲಿ ಮನೆಗಳು ದೂರ ದೂರ, ಒಂದೊಂದು ತೋಟಕ್ಕೆ ಒಂದೊಂದು ಮನೆ. ಒಳ್ಳೆ ಜನ, ಮನೆಗೆ ಹೋದ್ರೆ ಬೆಲ್ಲ ನೀರು ಕೊಟ್ಟು ಕೂರಿಸ್ತಾರೆ. ಆದ್ರೆ ಸಂಜೆ ಆರಕ್ಕೆ ಕತ್ತಲಾಗಿ ಮಳೆ ಹಿಡಿದ್ರೆ ಮಾತಿಗೆ ಇಬ್ಬರೇ, ನೀವು ಮತ್ತು ನಿಮ್ಮ ಮನೆಯವರು. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ. ಒಬ್ಬರು ಹೋದಮೇಲೆ ಉಳಿದವರು ಅಲ್ಲಿ ಒಬ್ಬರೇ ಇರ್ತಾರಾ? ಈ ಪ್ರಶ್ನೆಯನ್ನ ಗಂಡ-ಹೆಂಡತಿ ಕೂತು ಬಾಯಿಬಿಟ್ಟು ಮಾತಾಡಬೇಕು. ಎಷ್ಟೋ ಮನೆಗಳಲ್ಲಿ ಊರು ಬದಲಿಸೋ ಆಸೆ ಯಜಮಾನರದ್ದು, ಅಮ್ಮನವರನ್ನ ಯಾರೂ ಕೇಳೇ ಇರಲ್ಲ. ಬೂಷ್ಟು ಒರೆಸೋರು, ಒದ್ದೆ ಬಟ್ಟೆ ಹಿಂಡೋರು ಅವರು.

ಈಗ ಊರಿನ ಹೆಸರು ಹೇಳ್ತೀನಿ ಅಂದಿದ್ದೆ, ಹೇಳ್ತೀನಿ.

ಅರವತ್ತು ದಾಟಿದೆ, ಬಿಪಿ, ಶುಗರ್ ಇದೆ ಅಂದ್ರೆ ಧಾರವಾಡ ಅಥವಾ ಬೆಳಗಾವಿ. ಧಾರವಾಡ ನಿಜವಾಗಿ ಮಲೆನಾಡಿನ ಹೊಸ್ತಿಲು. ಬೇಸಿಗೆ ಸಂಜೆ ತಂಪು, ಹುಬ್ಬಳ್ಳಿಗೆ ಚಿಗರಿ ಬಸ್ಸು, ರೊಟ್ಟಿ ಎಲ್ಲಾ ಕಡೆ ಸಿಗುತ್ತೆ, ಮಾತು ನಮ್ಮದೇ. ಬೆಳಗಾವಿಯಲ್ಲಿ ಮಳೆ ಇನ್ನೂ ಚೆನ್ನಾಗಿದೆ, ಮರಾಠಿ ಜಾಸ್ತಿ ಅಂತಾರೆ, ಜತ್ತದ ಸಂತೆ ಮಾಡಿದವರಿಗೆ ಅದೇನು ಹೊಸದಾ? ಎರಡು ಊರಿಂದಲೂ ಕಾಡು ಒಂದೆರಡು ತಾಸಿನ ದಾರಿ. ಹಸಿರು ನೋಡಬೇಕು ಅನ್ನಿಸಿದ ದಿನ ಹೋಗಿ ಬರಬಹುದು.

ಸ್ವಲ್ಪ ಜಾಗ ಬೇಕು, ಮಾವು, ತರಕಾರಿ ಹಾಕಬೇಕು, ಮೈಯಲ್ಲಿ ಶಕ್ತಿ ಇದೆ ಅಂದ್ರೆ ಅರೆಮಲೆನಾಡು: ಹಳಿಯಾಳ, ಕಲಘಟಗಿ, ಮುಂಡಗೋಡ. ಮಳೆ ಹಿತವಾಗಿದೆ, ದೊಡ್ಡ ಆಸ್ಪತ್ರೆ ತೀರಾ ದೂರವಿಲ್ಲ. ಹಳಿಯಾಳ, ಮುಂಡಗೋಡ ಕಡೆ ಕಾಡಿನ ಅಂಚಿನ ಹೊಲಕ್ಕೆ ಆನೆ ಬರುತ್ತೆ, ಅದನ್ನೂ ವಿಚಾರಿಸಿ. ದಾಂಡೇಲಿ ಚಂದ, ಆದ್ರೆ ಅದು ಕಾಗದ ಕಾರ್ಖಾನೆಯ ಊರೂ ಹೌದು, ಈಗ ಪ್ರವಾಸಿಗರ ಊರೂ ಹೌದು. ಶನಿವಾರ-ಭಾನುವಾರ ಒಂದು ಸಲ ಇದ್ದು ನೋಡಿ.

ಶಿರಸಿ, ಯಲ್ಲಾಪುರ, ಸಿದ್ದಾಪುರ ಇವೆಲ್ಲಾ ನನಗೂ ಇಷ್ಟ. ಶಿರಸಿಯಲ್ಲಿ ಅಡಿಕೆ ಪೇಟೆ ಇದೆ, ಯಕ್ಷಗಾನ ಇದೆ, ಓದೋ ಜನ ಇದ್ದಾರೆ. ಐವತ್ತರೊಳಗಿದ್ದು, ಮನೆಯಿಂದಲೇ ಕೆಲಸ ಮಾಡೋರಾಗಿದ್ದು, ಮಳೆ ಅಂದ್ರೆ ಹುಚ್ಚು ಇದ್ರೆ ಧಾರಾಳವಾಗಿ ಹೋಗಿ. ಆದ್ರೆ ಪೇಟೆಯೊಳಗೆ ಇರಿ, ಮೊದಲು ಬಾಡಿಗೆಗೆ ಇರಿ.

ಕೊನೆಗೆ ಹೊಲದ ಮಾತು. ನಮ್ಮವರು ಈ ಕನಸಿಗೆ ಹೊಲ ಮಾರ್ತಿರೋ ಹೊತ್ತು ಯಾವುದು ನೋಡಿ. ನೂರಾರು ವರ್ಷ ಬರ ಕಂಡ ನೆಲ ಇದು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನ ಎತ್ತಿ ಈ ಭಾಗದ ಕೆರೆಗಳಿಗೆ, ಹೊಲಗಳಿಗೆ ತರೋ ಕೆಲಸ ಈಗ ಕಣ್ಣಿಗೆ ಕಾಣ್ತಾ ಇದೆ. ತಿಕೋಟಾ ಸುತ್ತ ದ್ರಾಕ್ಷಿ ಪಡಗಳು ಎದ್ದಿವೆ. ನಾವು ದಿನಾ ಬೈಯೋ ಒಣಗಾಳಿ ಇದೆಯಲ್ಲ, ಆ ಗಾಳಿನೇ ನಮ್ಮ ದ್ರಾಕ್ಷಿಯನ್ನ ಒಣಗಿಸಿ ಮಣೂಕ ಮಾಡೋದು. ಎಷ್ಟೇ ಮಳೆ ಬಂದ್ರೂ ಶಿರಸಿಗೆ ಅದು ಸಾಧ್ಯವಿಲ್ಲ. ಮತ್ತೆ ಆ ಕೃಷ್ಣೆ ಹುಟ್ಟೋದು ಎಲ್ಲಿ? ಮಹಾಬಳೇಶ್ವರದಲ್ಲಿ, ಅದೇ ಸಹ್ಯಾದ್ರಿಯಲ್ಲಿ. ಗುಡ್ಡದ ನೀರು ಪೈಪಿನಲ್ಲಿ ನಮ್ಮ ಹೊಲಕ್ಕೆ ಬರ್ತಿರೋ ಹೊತ್ತಿನಲ್ಲಿ ಹೊಲ ಮಾರಿ ಗುಡ್ಡಕ್ಕೆ ಹೋಗೋದು ಯಾವ ಲೆಕ್ಕ?

ಹೋಗಬೇಡಿ ಅಂತ ನಾನು ಹೇಳಲ್ಲ. ದುಡಿದಿದ್ದೀರಿ, ಬಿಸಿಲು ತಿಂದಿದ್ದೀರಿ, ತಂಪು ಗಾಳಿ ನಿಮ್ಮ ಹಕ್ಕು. ಹೊಲ ಪಾಲಿಗೆ ಕೊಡಿ, ಮಾರಬೇಡಿ. ಅರೆಮಲೆನಾಡಿನ ಒಂದು ಪೇಟೆಯಲ್ಲಿ ಬಾಡಿಗೆ ಮನೆ ಹಿಡೀರಿ. ಒಂದು ಪೂರ್ತಿ ವರ್ಷ ಇರಿ. ಅದರಲ್ಲಿ ಒಂದು ಜುಲೈ ಇರಲಿ, ಒಂದು ಮೇ ಇರಲಿ. ಕರೆಂಟ್ ಹೋದ ರಾತ್ರಿ ಇರಲಿ, ಬಾವಿ ತಳ ಕಂಡ ಮಧ್ಯಾಹ್ನ ಇರಲಿ. ಅದಾದ ಮೇಲೂ ಮನೆಯವರು "ಇಲ್ಲೇ ಇರೂಣ್ರಿ" ಅಂದ್ರೆ ಆ ಊರು ನಿಮ್ಮದು, ಜಾಗ ತಗೊಳ್ಳಿ. ಅಲ್ಲಿವರೆಗೆ ಕನಮಡಿಯ ಉತಾರ ನಿಮ್ಮ ಹೆಸರಲ್ಲೇ ಇರಲಿ.